ಓಗೊಡದ ಹೆಸರು

ಪರದೆಯ ಮೇಲೆ ಗಂಡ ಮೂರನೆಯ ಸಲ ಒಂದು ಚಾವಣಿಯಿಂದ ಇನ್ನೊಂದು ಚಾವಣಿಗೆ ಹಾರಿದಾಗ ಮಿಸೆಸ್ ಬ್ಯಾಸ್ಕಿನ್ ಕೈಚೀಲ ತೆರೆದು ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡರು. ಅವನ ಎರಡು ಕೈಯಲ್ಲೂ ಬಂದೂಕು. ಮೈಮೇಲೆ ಕರಿ ಚರ್ಮದ ಕೋಟು, ಕತ್ತಲಲ್ಲೂ ತಂಪು ಕನ್ನಡಕ. ಆರಡಿ ಮೀರಿದ ಆಳು. ಅವರಿಗೆ ಗೊತ್ತಿದ್ದ ಗಂಡ ಐದಡಿ ನಾಲ್ಕಂಗುಲವಿದ್ದರು. ಚಾವಣಿ ಹಾರುವುದಿರಲಿ, ಸ್ಟೂಲು ಹತ್ತಿ ಬಲ್ಬು ಬದಲಿಸುವಾಗಲೂ ಯಾರಾದರೂ ಕಾಲು ಹಿಡಿದುಕೊಳ್ಳಬೇಕಿತ್ತು.

"ಈ ಕೋತಿ ಯಾರು ಸಿಸ್ಟರ್ ಬ್ಯಾಸ್ಕಿನ್?" ಪಕ್ಕದಲ್ಲಿ ಕೂತಿದ್ದ, ಚರ್ಚಿನ ಹಿರಿಯರಾದ ಡೀಕನ್ ಐಸಮ್ ಪರ್ವಿಸ್ ಬಗ್ಗಿ ಪಿಸುಗುಟ್ಟಿದರು.

"ನಮ್ಮ ಯಜಮಾನ್ರಂತೆ."

"ಹೌದಾ! ಹಾಗಾದ್ರೆ ನಾನೆಲ್ಲಿ?"

"ನೀವು ಆಗಲೇ ಸತ್ತುಹೋದ್ರಲ್ಲ ಡೀಕನ್. ಆ ಲಾರಿ ಹತ್ರ. ನಿದ್ದೆ ಹೊಡೀತಿದ್ರಿ, ನೋಡಲಿಲ್ಲ."

"ಸತ್ನಾ?" ಡೀಕನ್ ಪರ್ವಿಸ್ ನೆಟ್ಟಗೆ ಕೂತರು. "ಎಪ್ಪತ್ತೊಂದು ವರ್ಷ ಆಯ್ತು, ಒಂದು ನೆಗಡಿಗೆ ಮಲಗಿದವನಲ್ಲ. ಅರ್ಧ ಸಿನಿಮಾನೂ ಬದುಕೋಕೆ ಬಿಡಲಿಲ್ವಲ್ಲ ಈ ನನ್ಮಕ್ಳು."

ಶನಿವಾರದ ಮಧ್ಯಾಹ್ನ ಕೋಲ್ಟರ್ಸ್ ಬೆಂಡ್ ಹೈಸ್ಕೂಲಿನ ಸಭಾಂಗಣ ಕಿಕ್ಕಿರಿದಿತ್ತು. ದೇಶಕ್ಕೆಲ್ಲ ತೋರಿಸುವ ಮುಂಚೆ ಆ ಮನುಷ್ಯನ ಊರಿಗೆ ತೋರಿಸುತ್ತೇವೆ ಎಂದು ಸಿನಿಮಾದವರು ಲಾಸ್ ಏಂಜಲೀಸಿನಿಂದ ಮಿಸಿಸಿಪ್ಪಿಯ ಈ ಮೂಲೆಗೆ ರೀಲಿನ ಡಬ್ಬಿ ಹೊತ್ತು ಬಂದಿದ್ದರು. ಬಾಗಿಲಲ್ಲೇ ಎಲ್ಲರಿಗೂ ಒಂದೊಂದು ಕರಿ ಟೋಪಿ ಹಂಚಿದ್ದರು. ಹಣೆಯ ಮೇಲೆ ಚಿನ್ನದ ದಾರದಲ್ಲಿ ಕಸೂತಿ ಮಾಡಿದ ದೊಡ್ಡ 'ಎಲ್' ಅಕ್ಷರ. ಮಿಸೆಸ್ ಬ್ಯಾಸ್ಕಿನ್ ತಮ್ಮ ಟೋಪಿಯನ್ನು ಕುರ್ಚಿಯ ಕೆಳಗೆ ತಳ್ಳಿ, ಬೇರೆಯವರ ಟೋಪಿಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ್ದರು. ಮುಂದಿನ ಸಾಲಿನಲ್ಲಿ ಶವಪೆಟ್ಟಿಗೆ ಮಾರುವ ಗೇದರ್ಸ್; ಮೂವತ್ತು ವರ್ಷದ ಹಿಂದೆ ಮಿಸ್ಟರ್ ಬ್ಯಾಸ್ಕಿನ್ ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದವನು. ಅವನ ಪಕ್ಕ ಮೇಷ್ಟರಾಗಿದ್ದ ವಿಟ್‌ಲೋ. ಬಂದೂಕಿನವನ ನೆರಳು ಬಿದ್ದರೆ ಕೆಲಸ ಹೋಗುತ್ತದೆಂದು ಮಿಸ್ಟರ್ ಬ್ಯಾಸ್ಕಿನ್ ಅವರ ಅಂಗಡಿಗೆ ಬಟ್ಟೆ ಹಾಕುವುದನ್ನೇ ನಿಲ್ಲಿಸಿದವನು. ಈಗ ಇಬ್ಬರ ತಲೆಯ ಮೇಲೂ 'ಎಲ್' ಥಳಥಳಿಸುತ್ತಿತ್ತು. ಹುಲಿ ಸತ್ತ ಮೇಲೆ ಮೀಸೆ ಎಳೆಯುವುದಕ್ಕೆ ಯಾರಿಗೂ ಧೈರ್ಯ ಕಡಿಮೆಯಿಲ್ಲ.

ಸಿನಿಮಾದಲ್ಲಿ ಮಿಸ್ಟರ್ ಬ್ಯಾಸ್ಕಿನ್ ಬಾಕ್ಸಿಂಗ್ ಮಾಡುವವನಾಗಿದ್ದ. ನಿಜದಲ್ಲಿ ಅವರದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಇಸ್ತ್ರಿಯವನ ಕಥೆಗೆ ಯಾರು ಟಿಕೆಟ್ ತೆಗೆದುಕೊಳ್ಳುತ್ತಾರೆ?

ಪರದೆಯ ಮೇಲೆ ಈಗ ಗುಂಡುಗಳು ಸುರಿಯುತ್ತಿದ್ದವು. ಕರಿಯರ ಮನೆ ಸುಡಲು ಬಿಳಿ ಮುಸುಕು ತೊಟ್ಟು ಬರುತ್ತಿದ್ದ ಬಿಳಿಯರ ಕಾರುಗಳು ಒಂದರ ಹಿಂದೊಂದು ಉರಿದು ಗಾಳಿಗೆ ಹಾರುತ್ತಿದ್ದವು. ಅರವತ್ತಮೂರನೆಯ ಇಸವಿಯ ಆ ಸಂಜೆ ನಡೆದದ್ದು ಮಿಸೆಸ್ ಬ್ಯಾಸ್ಕಿನ್ ಅವರಿಗೆ ಚೆನ್ನಾಗಿ ನೆನಪಿತ್ತು. ಅವರು ಆಗ ಕಿಟಕಿಯ ಹಿಂದೆ ಕಾಡತೂಸಿನ ಪೆಟ್ಟಿಗೆ ಹಿಡಿದು ಕೂತಿದ್ದರು. ಹೊತ್ತು ಮುಳುಗುವಾಗ ಏಳು ಕಾರುಗಳು ಬಂದವು. ಮಿಸ್ಟರ್ ಬ್ಯಾಸ್ಕಿನ್ ಜಗಲಿಯ ಕುರ್ಚಿಯಲ್ಲಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಚರಂಡಿಯಲ್ಲಿ, ಸೌದೆಯ ರಾಶಿಯ ಹಿಂದೆ ಅವರೇ ತರಬೇತಿ ಕೊಟ್ಟ ಹನ್ನೆರಡು ಜನ, ಡೀಕನ್ ಪರ್ವಿಸ್ ಸೇರಿ. ಒಂದೇ ಒಂದು ಗುಂಡು ಹಾರಿತು, ಮುಂದಿನ ಕಾರಿನ ದೀಪಕ್ಕೆ. ಮುಸುಕಿನವರು ಕೆಳಗಿಳಿದು ನಿಂತರು. ಆ ನಿಲುವಂಗಿಗಳು ಮೊಣಕಾಲಿನಿಂದ ಒಂದು ಗೇಣು ಕೆಳಗೆ ಮುಗಿಯುತ್ತಿದ್ದವು. ಅಲ್ಲಿಂದ ಕೆಳಗಿನದನ್ನೆಲ್ಲ ಮಿಸ್ಟರ್ ಬ್ಯಾಸ್ಕಿನ್ ಹದಿನೈದು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದರು.

"ನಮಸ್ಕಾರ ಮಿಸ್ಟರ್ ಡಾಬಿನ್ಸ್," ಎಂದರು ಕೂತಲ್ಲಿಂದಲೇ. "ಆ ಬೂದು ಪ್ಯಾಂಟಿಗೆ ನಿನ್ನೆ ತಾನೇ ಮಡಿಕೆ ಕೂರಿಸಿದ್ದೆ. ಆಗಲೇ ಕೆಸರು ಮಾಡ್ಕೊಂಡ್ರಾ? ನಮಸ್ಕಾರ ಡಾಕ್ಟರ್ ಪೆಲ್. ನಿಮ್ಮ ಮನೆಯವ್ರು ಪರದೆ ಬಟ್ಟೆ ಕೊಟ್ಟಿದಾರೆ, ಮಂಗಳವಾರ ಸಿಗುತ್ತೆ ಅಂತ ಹೇಳಿ."

ಒಂಬತ್ತು ಜನರನ್ನು ಹೆಸರಿಟ್ಟು ಕರೆದರು, ಒಬ್ಬೊಬ್ಬರಿಗೂ 'ಮಿಸ್ಟರ್', 'ಡಾಕ್ಟರ್' ಸೇರಿಸಿ. ಹೆಸರು ಸಿಕ್ಕಿಬಿದ್ದ ಮೇಲೆ ಮುಸುಕಿಗೆ ಏನು ಕೆಲಸ? ಎರಡನೆಯ ಗುಂಡು ದೀಪಕ್ಕಲ್ಲ ಎಂಬುದೂ ಬಂದವರಿಗೆ ತಿಳಿದಿತ್ತು. ಕಾರುಗಳು ಹಿಂದೆ ಹಿಂದೆ ಸರಿದು ಹೋದವು. ಕರಿಯರ ಹಕ್ಕಿಗೆ ಹೋರಾಡುತ್ತಿದ್ದ, ಅವರೂ ಸದಸ್ಯರಾಗಿದ್ದ ಉತ್ತರದ ದೊಡ್ಡ ಸಂಘದವರು ಬಂದು, ಬಂದೂಕು ಕೆಳಗಿಡಿ, ಅಹಿಂಸೆಯೇ ನಮ್ಮ ದಾರಿ ಎಂದಾಗ ಮಿಸ್ಟರ್ ಬ್ಯಾಸ್ಕಿನ್, "ಒಳ್ಳೇ ಪಾಠ. ಮೊದಲು ಅವರಿಗೆ ಹೇಳಿಕೊಟ್ಟು ಬನ್ನಿ, ಆಮೇಲೆ ನಾನು ಕಲೀತೀನಿ," ಎಂದಿದ್ದರು. ಸಂಘ ಅವರನ್ನು ಹೊರಗೆ ಹಾಕಿತು.

ಇದನ್ನೆಲ್ಲ ಮಿಸೆಸ್ ಬ್ಯಾಸ್ಕಿನ್ ಈ ಸಿನಿಮಾ ನಿರ್ದೇಶಕನಿಗೆ ತಮ್ಮ ಜಗಲಿಯ ಮೇಲೆ ಎರಡು ದಿನ ಕೂರಿಸಿಕೊಂಡು ಹೇಳಿದ್ದರು. ಅವನು ಟೇಪು ತಿರುಗಿಸುತ್ತ, "ಅದ್ಭುತ, ಅದ್ಭುತ," ಎನ್ನುತ್ತ ಅವರು ಕೊಟ್ಟ ಪೀಚ್ ಕಡುಬನ್ನು ಮೂರು ಸಲ ಹಾಕಿಸಿಕೊಂಡು ತಿಂದಿದ್ದ. ಅದ್ಭುತದ ಫಲ ಇದು, ಹದಿನೆಂಟು ನಿಮಿಷ ಪಟಾಕಿ.

ಪಟಾಕಿ ಮುಗಿದು ಮಲಗುವ ಕೋಣೆ ಬಂತು. ಗಾಯಗೊಂಡ ಗಂಡನ ಎದೆಗೆ ಒರಗಿ ತೆಳು ಸೊಂಟದ ಹೆಂಡತಿ ಕಣ್ಣು ತುಂಬಿಕೊಂಡಳು. ಇದು ತಾವೇ ಎಂದು ಮಿಸೆಸ್ ಬ್ಯಾಸ್ಕಿನ್ ಅವರಿಗೆ ಆಮೇಲೆ ಹೊಳೆಯಿತು. ಆಕೆ ಬಿಸಿಯುಸಿರಲ್ಲಿ ಹೇಳಿದಳು: "ಹೋಗಬೇಡ, ಲೀವೈ."

ಪೆಪ್ಪರ್‌ಮಿಂಟ್ ನಾಲಗೆಯ ಮೇಲೆ ನಿಂತುಬಿಟ್ಟಿತು.

"ಏನಂದಳು ಅವಳು?" ಮಿಸೆಸ್ ಬ್ಯಾಸ್ಕಿನ್ ಕೇಳಿದರು.

"ಲೀವೈ ಅಂದಳು." ಡೀಕನ್ ಪರ್ವಿಸರ ದನಿ ಬದಲಾಗಿತ್ತು. "ಅಲ್ಲ... ಅದು ಆ ಜಡ್ಜು..."

"ಹೌದು," ಎಂದರು ಮಿಸೆಸ್ ಬ್ಯಾಸ್ಕಿನ್. "ಅದೇ."

ಮಿಸ್ಟರ್ ಬ್ಯಾಸ್ಕಿನ್ ಅವರಿಗೆ ಹೆಸರಿರಲಿಲ್ಲ. ಎರಡಕ್ಷರ ಮಾತ್ರ ಇತ್ತು: ಎಲ್. ವಿ. ಅವರ ತಾಯಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು. ಬಿಳಿಯರ ಬಾಯಲ್ಲಿ ಕರಿಯರಿಗೆ ಬಹುವಚನವೆಂಬುದೇ ಇರಲಿಲ್ಲ. ತಲೆ ನರೆತ ಮುದುಕನನ್ನೂ ಎಂಟು ವರ್ಷದ ಬಿಳಿ ಕೂಸು ಹೆಸರು ಹಿಡಿದು ಕೂಗುತ್ತಿತ್ತು. ಹೆಸರು ಗೊತ್ತಿಲ್ಲದಿದ್ದರೆ "ಲೋ ಹುಡುಗಾ". 'ಮಿಸ್ಟರ್' ಎಂಬುದು ಅವರ ನಾಲಗೆಯ ಮೇಲೆ ಕೆಂಡ. ಆ ತಾಯಿ ತನ್ನ ಮೂವರು ಗಂಡುಮಕ್ಕಳಿಗೂ ಬರೀ ಅಕ್ಷರಗಳನ್ನಿಟ್ಟರು. "ಹಿಡಿಯೋಕೆ ಹೆಸರೇ ಇಲ್ಲದಿದ್ರೆ ಅದೇನು ಹಿಡಿದು ಕೂಗ್ತಾರೋ ಕೂಗಲಿ," ಎಂದರಂತೆ. ಮನೆಯಲ್ಲಿ ಅವರು ಎಲ್.ವಿ.; ಹೊರಗೆ ಹೆಂಡತಿಯ ಬಾಯಲ್ಲೂ ಮಿಸ್ಟರ್ ಬ್ಯಾಸ್ಕಿನ್. ಅವರೂ ಹೆಂಡತಿಯ ಹೆಸರನ್ನು ಅಂಗಡಿಯ ಫಲಕದಲ್ಲಾಗಲಿ, ಗಿರಾಕಿಗಳ ಮುಂದಾಗಲಿ ಬಿಟ್ಟುಕೊಡಲಿಲ್ಲ. ಹೆಸರೆಂಬುದು ಒಳಗೆ ಹಾಕಿಕೊಳ್ಳುವ ಬಟ್ಟೆ, ಬೀದಿಯಲ್ಲಿ ಒಣಗಿಸಬಾರದು ಎನ್ನುತ್ತಿದ್ದರು.

ಕಾರಿನ ದೀಪ ಒಡೆದದ್ದಕ್ಕೆ ಅವರನ್ನು ಕೋರ್ಟಿಗೆ ಎಳೆದಾಗ ಮಿಸೆಸ್ ಬ್ಯಾಸ್ಕಿನ್ ಮೇಲಿನ ಅಟ್ಟದಲ್ಲಿ, ಕರಿಯರ ಬೆಂಚಿನಲ್ಲಿದ್ದರು.

"ಹೆಸರು?" ಎಂದ ಜಡ್ಜು.

"ಎಲ್.ವಿ. ಬ್ಯಾಸ್ಕಿನ್."

"ಎಲ್ ಅಂದ್ರೆ ಏನೋ?"

"ಎಲ್."

"ವಿ ಅಂದ್ರೆ?"

"ವಿ."

ಕೋರ್ಟು ನಕ್ಕಿತು. ಜಡ್ಜು ನಗಲಿಲ್ಲ. ಅವನಿಗೆ ಕರೆಯಲು ಹಿಡಿಕೆ ಬೇಕಿತ್ತು. ಒಂದು ಗಳಿಗೆ ಪೆನ್ನು ಕಚ್ಚಿ ಯೋಚಿಸಿ, "ನಿಮ್ಮವ್ವ ಇಡದಿದ್ರೆ ನಾನು ಇಡ್ತೀನಿ. ಎಲ್ಲು, ವೀ... ಲೀವೈ. ಬರ್ಕೊಳ್ರೀ ಗುಮಾಸ್ತರೇ. ಲೀವೈ ಬ್ಯಾಸ್ಕಿನ್, ಎದ್ದು ನಿಲ್ಲು," ಎಂದ. ಮಿಸ್ಟರ್ ಬ್ಯಾಸ್ಕಿನ್ ಕೂತೇ ಇದ್ದರು. ಮೂರು ಸಲ ಕರೆದ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. ದೀಪದ ಮೊಕದ್ದಮೆ ಅಲ್ಲಿಗೇ ನಿಂತು, ನ್ಯಾಯಾಂಗ ನಿಂದನೆ ಶುರುವಾಯಿತು. ಶಿಕ್ಷೆ ಸರಳ. ಜಿಲ್ಲಾ ಜೈಲಿನ ಹತ್ತಿ ಹೊಲದಲ್ಲಿ ಬೆಳಿಗ್ಗೆ ಹಾಜರಿ ಕೂಗುವಾಗ ಆ ಹೆಸರಿಗೆ ಒಂದು ಸಲ "ಹಾಜರ್" ಅಂದರೆ ಸಾಕು, ಅವತ್ತೇ ಮನೆಗೆ.

ನಲವತ್ತೇಳು ಬೆಳಗು ಕೂಗಿದರು. ನಲವತ್ತೇಳು ಬೆಳಗೂ ಅವರು ಓಗೊಡಲಿಲ್ಲ. ನಲವತ್ತೆಂಟನೆಯ ದಿನ ಮೇಲಿನ ಕೋರ್ಟಿನಿಂದ ಕಾಗದ ಬಂತು. ಮುಂದಿನ ನಾಲ್ಕು ಹಲ್ಲಿಲ್ಲದೆ ಮನೆಗೆ ಬಂದವರು ಹೆಂಡತಿ ಕೊಟ್ಟ ಗಂಜಿ ಕುಡಿದು ಒಂದೇ ಮಾತು ಹೇಳಿದ್ದರು: "ಕೂಗಿ ಕೂಗಿ ಆ ಕಾವಲಿನವನಿಗೇ ಗಂಟಲು ಕಟ್ತು."

ಪರದೆಯ ಮೇಲೆ ಈಗ ಅದೇ ಹತ್ತಿ ಹೊಲ. ಕುದುರೆಯ ಮೇಲಿದ್ದ ಕಾವಲುಗಾರ ಪಟ್ಟಿ ತೆರೆದು, "ಲೀವೈ ಬ್ಯಾಸ್ಕಿನ್!" ಎಂದ. ಸರಪಳಿ ತೊಟ್ಟ ಆರಡಿಯ ಗಂಡ ನಿಧಾನವಾಗಿ ತಲೆ ಎತ್ತಿದ. ಸಂಗೀತ ಏರಿತು. ಅವನು ಮುಷ್ಟಿ ಎತ್ತಿ, ಹೊಲವೇ ನಡುಗುವಂತೆ ಗರ್ಜಿಸಿದ: "ಹಾಜರ್!"

"ಹಾಜರ್!" ಇಡೀ ಸಭಾಂಗಣ ಎದ್ದು ನಿಂತು ಕೂಗಿತು. ಗೇದರ್ಸ್ ಕೂಗಿದ, ವಿಟ್‌ಲೋ ಕೂಗಿದ, ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಕುರ್ಚಿ ಗುದ್ದಿ ಕೂಗಿದರು. ಮಿಸೆಸ್ ಬ್ಯಾಸ್ಕಿನ್ ಅವರ ಬಲಗೈ ತಾನಾಗಿ ಎದ್ದು ಎದೆಯ ಮೇಲೆ ಅಡ್ಡ ಬಂತು, ಅಂಗೈ ಒಳಮುಖವಾಗಿ, ಬೆರಳುಗಳು ಎಡ ಭುಜಕ್ಕೆ ತಾಗಿ. ಅದು ಅವರ ಮೂವತ್ತೆರಡು ವರ್ಷದ ಅಭ್ಯಾಸ. ಮೌಂಟ್ ನೀಬೋ ಚರ್ಚಿನಲ್ಲಿ ಬಿಳಿ ಸಮವಸ್ತ್ರ, ಬಿಳಿ ಕೈಗವಸು ತೊಟ್ಟು ಬಾಗಿಲು ಕಾಯುವ, ಜನರನ್ನು ಸಾಲಾಗಿ ಕೂರಿಸುವ ಅಷರ್ ಹೆಂಗಸರಿಗೆ ಅವರು ಮುಖ್ಯಸ್ಥೆ. ಅಷರ್‌ಗಳು ಚರ್ಚಿನೊಳಗೆ ಮಾತಾಡುವುದಿಲ್ಲ, ಕೈಯಲ್ಲೇ ಎಲ್ಲ. ಎದೆಯ ಮೇಲೆ ಅಡ್ಡ ಬಂದ ಕೈಗೆ ಒಂದೇ ಅರ್ಥ: ಪ್ರಾರ್ಥನೆ ನಡೆಯುತ್ತಿದೆ, ಕೈ ಇಳಿಯುವತನಕ ಉಸಿರೆತ್ತಬೇಡಿ. ಒಮ್ಮೆ ಆ ಕೈ ಅಡ್ಡವಿದ್ದಾಗ ವಿಟ್‌ಲೋನ ಕುತ್ತಿಗೆಗೆ ಕಣಜದ ಹುಳ ಕಡಿದು, ಅವನು ಕಣ್ಣೀರು ಸುರಿಸುತ್ತ ಆಮೆನ್‌ವರೆಗೂ ಕಂಬದಂತೆ ನಿಂತಿದ್ದ.

ಕತ್ತಲಲ್ಲಿ ಆ ಕೈಯನ್ನು ಯಾರೂ ನೋಡಲಿಲ್ಲ. ಕೂಗು ಇನ್ನೊಂದು ಸಲ ಎದ್ದಿತು.

ದೀಪ ಹತ್ತಿದಾಗ ನಿರ್ದೇಶಕ ಡೆವಿನ್ ಕ್ವಾರ್ಲ್ಸ್ ಜನರನ್ನು ಸರಿಸಿಕೊಂಡು ಬಂದ. ಮೂವತ್ತೆರಡು ವರ್ಷದ, ಎರಡು ಕಿವಿಯಲ್ಲೂ ಓಲೆ ತೊಟ್ಟ ಹುಡುಗ. ಅವನ ಅಜ್ಜಿ ಇದೇ ಮಿಸಿಸಿಪ್ಪಿಯವಳಂತೆ. ಮಿಸೆಸ್ ಬ್ಯಾಸ್ಕಿನ್ ಅವರನ್ನು ತಬ್ಬಿಕೊಂಡು ಹೆಸರು ಹಿಡಿದು ಕರೆದ. ಆ ಹೆಸರಿನಿಂದ ಅವರನ್ನು ಕರೆದ ಕೊನೆಯವರು ಅವರ ಅಕ್ಕ. ತೀರಿಹೋಗಿ ಒಂಬತ್ತು ವರ್ಷವಾಗಿತ್ತು.

"ಹೇಗಿತ್ತು ಹೇಳು! ಅತ್ತುಬಿಟ್ಯಾ?"

"ಮಿಸ್ಟರ್ ಕ್ವಾರ್ಲ್ಸ್," ಎಂದರು ಅವರು ತಮ್ಮನ್ನು ಬಿಡಿಸಿಕೊಂಡು. "ಆ ಹೆಸರು ನಿಮಗೆ ಎಲ್ಲಿ ಸಿಕ್ತು?"

ಅವನ ಮುಖ ಅರಳಿತು. "ಗೊತ್ತಿತ್ತು, ನೀನು ಕೇಳ್ತೀಯಾ ಅಂತ. ನಿನಗೆ ಮರೆತುಹೋಗಿತ್ತಲ್ಲ, ಪೂರ್ತಿ ಹೆಸರು ಏನು ಅಂದ್ರೆ ಎಲ್.ವಿ., ಎಲ್.ವಿ. ಅಂತಲೇ ಇದ್ದೆ. ನಮ್ಮ ಸಂಶೋಧಕಿ ಮೂರು ವಾರ ಕೋರ್ಟಿನ ನೆಲಮಾಳಿಗೆಯಲ್ಲಿ ಧೂಳು ಕುಡಿದು ಹುಡುಕಿದಳು. ಕಪ್ಪು ಜನರ ಹೆಸರುಗಳನ್ನ ಅವರು ಹೇಗೆ ಅಳಿಸಿಹಾಕಿದ್ರು ನೋಡು. ನಾವು ಅವನಿಗೆ ಅವನ ಹೆಸರನ್ನ ವಾಪಸ್ ಕೊಟ್ವಿ."

"ನನಗೆ ಏನೂ ಮರೆತಿಲ್ಲ. ಅದು ಜಡ್ಜು ಇಟ್ಟ ಹೆಸರು. ಬೈಗುಳ ಅದು. ಅದಕ್ಕೆ ಓಗೊಡಲ್ಲ ಅಂತ ಅವರು ನಲವತ್ತೇಳು ದಿನ ಏಟು ತಿಂದ್ರು. ನೀವು ಅವರ ಬಾಯಲ್ಲೇ ಹಾಜರ್ ಅನ್ನಿಸಿದೀರಿ."

ಕ್ವಾರ್ಲ್ಸ್ ಅವರ ಎರಡೂ ಕೈ ಹಿಡಿದುಕೊಂಡ. "ನೋಡು, ನೋವು ನನಗೆ ಅರ್ಥ ಆಗುತ್ತೆ. ಆದ್ರೆ ಸಿನಿಮಾ ಬೇರೆ. ಓಗೊಡದೆ ಸುಮ್ಮನೆ ನಿಂತವನನ್ನ ಯಾರು ನೋಡ್ತಾರೆ? ಎರಡಕ್ಷರಕ್ಕೆ ಯಾರು ಅಳ್ತಾರೆ? ಜನ ಎದ್ದು ನಿಂತಿದ್ದು ನೋಡ್ಲಿಲ್ವಾ? ನಾಳೆ ಸಮಾಧಿ ಹತ್ರ ಇದಕ್ಕಿಂತ ಜೋರಾಗಿರುತ್ತೆ. ನಮ್ಮ ಹೀರೋ ಹೆಸರು ಕೂಗ್ತಾನೆ, ಊರೆಲ್ಲ ಹಾಜರ್ ಅನ್ನುತ್ತೆ, ಮೂರು ಸಲ. ಆಮೇಲೆ ನಾವು ಹಾಕಿಸಿರೋ ಹೊಸ ಕಲ್ಲಿನ ಮೇಲಿನ ಬಟ್ಟೆ ನೀನು ಎಳೀಬೇಕು. ಟಿವಿಯವರೂ ಬರ್ತಾರೆ."

"ಕಲ್ಲಿನ ಮೇಲೆ ಯಾವ ಹೆಸರು ಕೆತ್ತಿದೀರಿ?"

ಅವನು ಉತ್ತರ ಹೇಳುವಷ್ಟರಲ್ಲಿ ಗೇದರ್ಸ್ ಬಂದು ಅವನ ಕೈ ಕುಲುಕಲು ಶುರುಮಾಡಿದ. "ಲೀವೈ ಮತ್ತೆ ನಾನು," ಎನ್ನುತ್ತಿದ್ದ ಗೇದರ್ಸ್, "ಒಂದೇ ಬೆಂಚಲ್ಲಿ ಕೂತು ಓದಿದವರು."

ಡೀಕನ್ ಪರ್ವಿಸರ ಹಳೆಯ ಟ್ರಕ್ಕಿನಲ್ಲಿ ಇಬ್ಬರೂ ಚರ್ಚಿನ ಹಿಂದಿನ ಸಮಾಧಿಗಳಿಗೆ ಹೋದರು. ಹೊಸ ಕಲ್ಲು ಸುತ್ತಲಿನ ಎಲ್ಲ ಕಲ್ಲುಗಳಿಗಿಂತ ಮೂರಡಿ ಎತ್ತರವಿತ್ತು, ಬಿಳಿ ಬಟ್ಟೆ ಹೊದ್ದು ನಿಂತಿತ್ತು. ಬಟ್ಟೆ ಹಾರದಂತೆ ನಾಲ್ಕು ಕಡೆ ಕ್ಲಿಪ್ಪು ಹಾಕಿದ್ದರು. ಡೀಕನ್ ಒಂದು ತುದಿ ಎತ್ತಿದರು. ಕರಿ ಗ್ರಾನೈಟು, ಚಿನ್ನದ ಅಕ್ಷರ: ಲೀವೈ ವಿ. ಬ್ಯಾಸ್ಕಿನ್. ಕೆಳಗೆ: 'ನಾನು ಸತ್ತರೂ ನನ್ನ ಗುಡುಗು ಸಾಯದು.'

"ಇದನ್ನ ಯಾವಾಗ ಹೇಳಿದ್ರು?" ಎಂದರು ಡೀಕನ್.

"ಅವರು ಕೊನೇದಾಗಿ ಹೇಳಿದ್ದು ಕಿಟಕಿ ಹಾಕು, ಚಳಿ ಅಂತ." ಎಪ್ಪತ್ತೊಂದನೆಯ ಇಸವಿಯಲ್ಲಿ ಮಿಸ್ಟರ್ ಬ್ಯಾಸ್ಕಿನ್ ಸತ್ತದ್ದು ಗುಂಡೇಟಿಗಲ್ಲ, ಇಪ್ಪತ್ತು ವರ್ಷ ಅಂಗಡಿಯಲ್ಲಿ ಕುಡಿದ, ಕಲೆ ತೆಗೆಯುವ ದ್ರಾವಣದ ಹೊಗೆಗೆ. ಸಿನಿಮಾದಲ್ಲಿ ಅವನು ಐದು ನಿಮಿಷ ನಿಧಾನವಾಗಿ, ಪಾರಿವಾಳಗಳ ನಡುವೆ ಬಿದ್ದು ಸತ್ತಿದ್ದ.

ಸಮಾಧಿಯ ಮೇಲಿದ್ದ ಹಳೆಯ ಸಿಮೆಂಟಿನ ಹಲಗೆ ಅಲ್ಲಿರಲಿಲ್ಲ. ಅದನ್ನು ಎರಕ ಹೊಯ್ದವರು ಡೀಕನ್ ಪರ್ವಿಸರೇ. ಗಿರಾಕಿಗಳ ಬಟ್ಟೆಗೆ ಗುರುತು ಹಾಕುವ ಅಂಗಡಿಯ ಹಿತ್ತಾಳೆ ಅಚ್ಚನ್ನು ಹಸಿ ಸಿಮೆಂಟಿಗೆ ಒತ್ತಿ ಮೂಡಿಸಿದ್ದರು: ಎಲ್. ವಿ. ಬ್ಯಾಸ್ಕಿನ್. ಹುಡುಕಿದಾಗ ಅದು ಹುಲ್ಲು ಕತ್ತರಿಸುವ ಯಂತ್ರದ ಕೊಠಡಿಯ ಹಿಂದೆ, ಮುಖ ಗೋಡೆಗೆ ಮಾಡಿ ನಿಂತಿತ್ತು. ಶಿಕ್ಷೆಗೆ ನಿಲ್ಲಿಸಿದ ಹಾಗೆ.

ಚರ್ಚಿನ ರೆವರೆಂಡ್ ಮ್ಯಾಬ್ರಿ ಟ್ರಕ್ಕಿನ ಸದ್ದು ಕೇಳಿ ಬಂದರು. ಊರಿಗೆ ಬಂದು ಆರು ವರ್ಷವಾದ, ಒಳ್ಳೆಯ ಕಂಠದ ಮನುಷ್ಯ. ಎಲ್ಲವನ್ನೂ ಕೇಳಿಕೊಂಡು ನಿಟ್ಟುಸಿರುಬಿಟ್ಟರು.

"ಸಿಸ್ಟರ್ ಬ್ಯಾಸ್ಕಿನ್, ನೀವು ಹೇಳೋದು ನೂರಕ್ಕೆ ನೂರು ನಿಜ. ಆದ್ರೆ ನಾಳೆ ಹನ್ನೆರಡಕ್ಕೆ ಕಾರ್ಯಕ್ರಮ. ಈಗ ಕಲ್ಲು ಕೀಳಿಸೋಕಾಗುತ್ತಾ? ನಮ್ಮ ಚಾವಣಿ ಸೋರ್ತಾ ಇದೆ, ಅವರು ಹೊಸದು ಹಾಕಿಸಿಕೊಡ್ತೀನಿ ಅಂದಿದಾರೆ. ದೇವರಿಗೆ ಅವರ ನಿಜವಾದ ಹೆಸರು ಗೊತ್ತು. ಬರೀ ಹೆಸರು ತಾನೇ ಸಿಸ್ಟರ್?"

"ರೆವರೆಂಡ್, ಆ ಕಾಲದಲ್ಲಿ ನಿಮ್ಮ ಜಾಗದಲ್ಲಿದ್ದವರು ನಮ್ಮ ಯಜಮಾನ್ರ ಸಭೆಗೆ ಚರ್ಚಿನ ಬೀಗ ತೆಗೆಯಲಿಲ್ಲ. ಅವತ್ತೂ ಚಾವಣಿ ಚಿಂತೆನೇ, ಸುಟ್ಟುಹಾಕ್ತಾರೆ ಅಂತ. ಈ ಚಾವಣಿ ಹೆದರಿಸಿದಷ್ಟು ಯಾವ ಮುಸುಕಿನವನೂ ಹೆದರಿಸಿಲ್ಲ."

ರೆವರೆಂಡ್ ಮ್ಯಾಬ್ರಿ ನೆಲ ನೋಡಿದರು. "ನಾಳೆ ನೀವು ಬಟ್ಟೆ ಎಳೀತೀರಲ್ವಾ? ಎಲ್ಲರೂ ನಿಮ್ಮನ್ನೇ ನೋಡ್ತಿರ್ತಾರೆ."

"ನೋಡಲಿ," ಎಂದರು ಮಿಸೆಸ್ ಬ್ಯಾಸ್ಕಿನ್.

ಡೀಕನ್ ಪರ್ವಿಸ್ ಒಬ್ಬರೇ ಆ ಸಿಮೆಂಟಿನ ಹಲಗೆಯನ್ನು ಅಪ್ಪಿಕೊಂಡು ಬಂದು ಟ್ರಕ್ಕಿಗೆ ಹಾಕಿದರು. ಸಿನಿಮಾದಲ್ಲಿ ಸತ್ತವನಿಗೆ ಇಷ್ಟು ಬಲವಿರುವುದು ದೊಡ್ಡದು ಎಂದು ಏದುಸಿರಲ್ಲೇ ಹೇಳಿಕೊಂಡರು. ಮನೆ ತಲುಪಿ, ದೀಪ ಹಚ್ಚುವ ಹೊತ್ತಿಗೆ ಮಿಸೆಸ್ ಬ್ಯಾಸ್ಕಿನ್ ಫೋನು ಎತ್ತಿಕೊಂಡು ಹನ್ನೊಂದು ಅಷರ್ ಹೆಂಗಸರಿಗೂ ಒಂದೇ ಮಾತು ಹೇಳಿದರು.

"ನಾಳೆ ಸಮವಸ್ತ್ರ, ಕೈಗವಸು. ಸಮಾಧಿ ಹತ್ರ, ನಾಲ್ಕೂ ದಿಕ್ಕಿಗೆ."

"ನಾಳೆ ನಮ್ಮ ಸರದಿ ಅಲ್ವಲ್ಲಕ್ಕ," ಎಂದಳು ಒಬ್ಬಳು, ಶವಪೆಟ್ಟಿಗೆಯ ಗೇದರ್ಸ್‌ನ ಸೊಸೆ. "ನಮ್ಮ ಮಾವ ಮುಂದಿನ ಕುರ್ಚಿ ಹಿಡಿಸಿದಾರೆ, ಹೊಸ ಹ್ಯಾಟು ಬೇರೆ ತಗೊಂಡಿದೀನಿ."

"ಹ್ಯಾಟು ಈಸ್ಟರಿಗೆ ಹಾಕ್ಕೋ. ನನ್ನ ಕೈ ನೋಡ್ತಿರು, ಅಷ್ಟೆ."

ಫೋನಿಟ್ಟ ಮೇಲೆ ಅವರು ತಮ್ಮ ಸಮವಸ್ತ್ರವನ್ನು ತಾವೇ ಇಸ್ತ್ರಿ ಮಾಡಿದರು. ಹೆಂಗಸರು ಕೈ ನೋಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಊರು? ಮಧ್ಯಾಹ್ನ ಎದ್ದು ನಿಂತು ಗಂಟಲು ಹರಿದುಕೊಂಡ ಊರು. ಇವರು ಯಾವತ್ತು ಎಲ್.ವಿ. ಪರ ನಿಂತಿದ್ದರು? ನಲವತ್ತೇಳು ದಿನದಲ್ಲಿ ಇವರ ಪೈಕಿ ಎಷ್ಟು ಜನ ಬಂದು ಒಂದು ಬಟ್ಟಲು ಬೀನ್ಸು ಕೊಟ್ಟಿದ್ದರು? ಮೂರು ಜನ. ಕೂಗು ಎಂದರೆ ಕೂಗುವ ಕುರಿಗಳು. ಕೂಗಲಿ ಎಂದುಕೊಂಡು ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೆ ಬಲವಾಗಿ ಒತ್ತಿದರು.

ಭಾನುವಾರ ಆರಾಧನೆ ಮುಗಿದು ಜನ ಚರ್ಚಿನ ಹಿಂದಕ್ಕೆ ಹರಿದರು. ಬಿಸಿಲು ನೆತ್ತಿಗೆ ಬಂದಿತ್ತು. ಮಡಿಸುವ ಕುರ್ಚಿಗಳು, ಎರಡು ಟಿವಿ ಕ್ಯಾಮೆರಾ, ಎಲ್ಲೆಲ್ಲೂ ಕರಿ ಟೋಪಿ. ಮೊದಲ ಸಾಲಿನ ನಡುವಿನ ಕುರ್ಚಿಗೆ 'ವಿಧವೆ' ಎಂದು ಚೀಟಿ ಅಂಟಿಸಿದ್ದರು. ಕಂಪನಿಯವರು ಕಳಿಸಿದ್ದ ಹೂಗುಚ್ಛವನ್ನು ಮನೆಯಲ್ಲೇ ಬಿಟ್ಟು, ಬಿಳಿ ಸಮವಸ್ತ್ರದಲ್ಲಿ ಬಂದು ಕೂತ ಮಿಸೆಸ್ ಬ್ಯಾಸ್ಕಿನ್ ಅವರನ್ನು ಕಂಡು ಕ್ವಾರ್ಲ್ಸ್ ಹುಬ್ಬು ಗಂಟಿಕ್ಕಿದ. ಆಮೇಲೆ ಕ್ಯಾಮೆರಾದವನಿಗೆ, "ಇನ್ನೂ ಚೆನ್ನಾಗಿದೆ, ನರ್ಸಿನ ಹಾಗೆ ಕಾಣ್ತಾಳೆ," ಎಂದ. ಬೇಲಿಯಾಚೆ ಡೀಕನ್ ಪರ್ವಿಸರ ಟ್ರಕ್ಕು ನಿಂತಿತ್ತು, ಹಿಂದಿನ ಬಾಗಿಲು ಇಳಿಸಿ.

ಕ್ವಾರ್ಲ್ಸ್ ಮಾತಾಡಿದ. ಗೇದರ್ಸ್ ಮಾತಾಡಿ, ಒಂದೇ ಬೆಂಚಿನ ಕಥೆ ಹೇಳಿದ. ನಂತರ ಆ ನಟ ಎದ್ದು ಬಂದ. ಚರ್ಮದ ಕೋಟಿನಲ್ಲಿ ಬೆವರು ಸುರಿಯುತ್ತಿತ್ತು. ಮುಚ್ಚಿದ ಕಲ್ಲಿನ ಪಕ್ಕ ನಿಂತು ಮುಷ್ಟಿ ಎತ್ತಿ ದೊಡ್ಡ ಉಸಿರು ತೆಗೆದುಕೊಂಡ.

ಮಿಸೆಸ್ ಬ್ಯಾಸ್ಕಿನ್ ಎದ್ದರು. ಬಟ್ಟೆ ಎಳೆಯಲು ಅವಸರವಾಗಿ ಎದ್ದರೆಂದು ಕ್ವಾರ್ಲ್ಸ್ ಕೈಸನ್ನೆ ಮಾಡಿ ತಡೆದ. ಅವರು ಅವನನ್ನು ದಾಟಿ ಹೋಗಿ ಕಲ್ಲಿನ ಮುಂದೆ, ಜನರಿಗೆ ಮುಖ ಮಾಡಿ ನಿಂತರು. ಎಡಗೈ ಬೆನ್ನ ಹಿಂದೆ. ಬಲಗೈ ಎದೆಯ ಮೇಲೆ ಅಡ್ಡ ಬಂತು. ಬಿಳಿ ಬೆರಳುಗಳು ಎಡ ಭುಜಕ್ಕೆ ತಾಗಿದವು. ಬೇಲಿಯ ಬಳಿ, ಪೀಕನ್ ಮರದ ಕೆಳಗೆ, ಕುರ್ಚಿಗಳ ಸಾಲಿನ ಎರಡು ತುದಿಗೆ ಹನ್ನೊಂದು ಬಿಳಿ ಕೈಗಳು ಒಂದೇ ಸಲ ಅಡ್ಡ ಬಂದವು. ಹ್ಯಾಟಿಲ್ಲದ ಸೊಸೆಯ ಕೈಯೂ ಇತ್ತು.

"ಲೀವೈ ಬ್ಯಾಸ್ಕಿನ್!" ನಟ ಕೂಗಿದ.

ಬಾಯಿ ತೆರೆದಿದ್ದ ಗೇದರ್ಸ್ ಅದನ್ನು ಹಾಗೇ ಮುಚ್ಚಿದ. ಮಿಸೆಸ್ ಬ್ಯಾಸ್ಕಿನ್ ಸಾಲಿನಿಂದ ಸಾಲಿಗೆ ಕಣ್ಣು ಸರಿಸಿದರು. ಕಾಲೇಜು ಹುಡುಗಿಯೊಬ್ಬಳು ಪಕ್ಕದ ಅಜ್ಜಿಯ ಮುಖ ನೋಡಿದಳು. ಅಜ್ಜಿ ಅವಳ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಹಿಂದೆ ಎಲ್ಲೋ ಸಿನಿಮಾ ಕಂಪನಿಯ ಹೆಂಗಸೊಬ್ಬಳು, "ಹಾಜರ್!" ಎಂದಳು. ಆ ದನಿ ಒಂಟಿಯಾಗಿ ಮೇಲೆದ್ದು, ಜೊತೆಗೆ ಯಾರೂ ಬಾರದೆ, ಅರ್ಧಕ್ಕೇ ಬಿತ್ತು.

"ಲೀವೈ ಬ್ಯಾಸ್ಕಿನ್!" ನಟ ಈ ಸಲ ಇನ್ನೂ ಜೋರಾಗಿ ಕೂಗಿದ. ಮಾತು ಬೇಲಿ ದಾಟಿ, ಹತ್ತಿ ಹೊಲದ ಕಡೆಗೆ ಹೋಗಿ ಅಲ್ಲೇ ಉಳಿಯಿತು. ಕ್ಯಾಮೆರಾ ತಿರುಗುವ ಸದ್ದು ಕೇಳಿಸುತ್ತಿತ್ತು. ಮುದಿ ವಿಟ್‌ಲೋ, ಎಲ್ಲರಿಗಿಂತ ಹಿಂದೆ, ತಲೆಯ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಅವನಿಗೆ ನೆನಪಾಯಿತೋ, ಬರೀ ಕೈಗೆ ಹೆದರಿದನೋ, ಮಿಸೆಸ್ ಬ್ಯಾಸ್ಕಿನ್ ಅವರಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನಿಸಲಿಲ್ಲ. ಅವನ ಪಕ್ಕದವನೂ ಟೋಪಿ ತೆಗೆದ.

ನಟ ಗಂಟಲು ಸರಿಮಾಡಿಕೊಂಡು ಮೂರನೆಯ ಸಲ ಕೂಗಿದ. ಅದು ಪ್ರಶ್ನೆಯ ಹಾಗೆ ಕೇಳಿಸಿತು.

ಎತ್ತಿದ ಮುಷ್ಟಿಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಕ್ವಾರ್ಲ್ಸ್ ಬಗ್ಗಿಕೊಂಡು, ಕ್ಯಾಮೆರಾದ ಕಣ್ಣು ತಪ್ಪಿಸಿ ಅವರ ಬಳಿ ಬಂದ. ಏನೋ ಹೇಳಲು ಹೊರಟು ಅವರ ಮುಖ ನೋಡಿ ನಿಂತ.

"ಮಿಸೆಸ್ ಬ್ಯಾಸ್ಕಿನ್," ಎಂದ ಮೆಲ್ಲಗೆ. "ದಯವಿಟ್ಟು. ಇದು ಎಷ್ಟು ಹೊತ್ತು? ಹೇಳಿ."

ಅಷರ್‌ಗಳು ಮಾತಾಡುವುದಿಲ್ಲ. ಅವರ ಬಲಗೈ ಇದ್ದಲ್ಲೇ ಇತ್ತು. ಬೇಲಿಯಾಚೆ ಟ್ರಕ್ಕಿನ ಮೇಲೆ ಡೀಕನ್ ಪರ್ವಿಸ್ ಸಿಮೆಂಟಿನ ಹಲಗೆ ಎಳೆಯುವ ಸದ್ದು ಕೇಳಿಸಿತು. ಗಾಳಿ ಬಂದು ಕಲ್ಲಿನ ಮೇಲಿನ ಬಟ್ಟೆ ಸ್ವಲ್ಪ ಉಬ್ಬಿತು, ಕ್ಲಿಪ್ಪು ಬಿಡಲಿಲ್ಲ. ಮಡಿಕೆ ತೆಗೆಯದೆ, ಇಸ್ತ್ರಿ ಕಾಣದೆ ತಂದು ಹೊದಿಸಿದ ಬಟ್ಟೆ. ಮಿಸೆಸ್ ಬ್ಯಾಸ್ಕಿನ್ ಬೆನ್ನ ಹಿಂದಿದ್ದ ಎಡಗೈಯಿಂದ, ತಿರುಗಿ ನೋಡದೆ, ಅದರ ಒಂದು ಸುಕ್ಕನ್ನು ತಡವಿ ಹುಡುಕಿ, ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತೀಡಿದರು.